ಮನಿಗಿ ಇಟ್ಟು ಉಳಿದದ್ದು ಮಾರ್ರಿ: ಮುತ್ಯಾನ ಕಿವಿಮಾತು

ಕೆಟ್ಟ ಕಾಲ ನಮ್ಮ ಕಡಿ ಒಂದೇ ವೇಷದಾಗ ಬರಂಗಿಲ್ಲ. 2020ರ ಮಾರ್ಚ್ 10ಕ್ಕ ದೇಶದಾಗ ಕೊರೊನಾದ ಮೊದಲನೇ ಸಾವು ಆದದ್ದು ನಮ್ಮ ಕಲಬುರಗಿಯಾಗ. ಅದೇ ವರ್ಷ ಅಕ್ಟೋಬರ್‌ದಾಗ ಕಾಗಿಣಾ, ಭೀಮಾ ಎರಡೂ ಹೊಳಿ ಉಕ್ಕಿ ಬಂದವು. ಮರುವರ್ಷ ಅಕ್ಟೋಬರ್‌ದಾಗ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಕಡಿ ನೆಲ ನಡುಗಿತು. 2022ರಾಗ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿತು. ಮೂರು ವರ್ಷದಾಗ ನಾಕು ಹೊಡ್ತ. ಪ್ರತಿ ಹೊಡ್ತಕ್ಕ ಭಾಳ ಹೈರಾಣ ಆದದ್ದು ಒಂದೇ ಆಸರದ ಮ್ಯಾಲೆ ನಿಂತ ಮನಿಗೋಳು. ಬರೀ ತೊಗರಿ, ಬರೀ ಫ್ಯಾಕ್ಟರಿ ಪಗಾರ, ಬರೀ ಬೋರಿನ ನೀರು, ಬರೀ ಮುಂಬಯಿ ದುಡಿಮಿ ನಂಬಿದವರು.

ಅದಕ್ಕ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡಿ ಮನಿ ನಡಸೋ ಮಕ್ಕಳಿಗಿ ಹೇಳೋ ಮಾತು ಇವು. ಎಲ್ಲಾ ಒಂದೇ ಸಲ ಮಾಡಬೇಕಂತಿಲ್ಲ. ಮೊದಲಿನ ಮೂರು ಮಾತ್ರ ಮುಂದಕ್ಕ ಹಾಕಬ್ಯಾಡ್ರಿ.

• ಜೋಳದ ಲೆಕ್ಕ ಹಾಕ್ರಿ. ಐದು ಮಂದಿ ಮನಿಗಿ ದಿನಕ್ಕ ಒಂದೂವರಿ ಕಿಲೋ ಹಿಟ್ಟು ಹಿಡಿದ್ರ ವರ್ಷಕ್ಕ ಐದೂವರಿ ಕ್ವಿಂಟಾಲ್ ಹತ್ರ ಹೋಗ್ತದ. ರೇಷನ್ ಅಕ್ಕಿ ತಿಂದ್ರ ಅಷ್ಟು ಬೇಕಾಗಂಗಿಲ್ಲ, ಆದ್ರ ಅಕ್ಕಿ ಬರೋದು ಲಾರಿಯಾಗ, ಜೋಳ ಬರೋದು ನಮ್ಮ ಹೊಲದಿಂದ. ಆರು ತಿಂಗಳದ್ದಾದ್ರೂ ಮನ್ಯಾಗ ಇರ್ಲಿ. ಹಿಂಗಾರಿ ಜೋಳ ರಾಶಿ ಆಗೋದು ಫೆಬ್ರುವರಿ, ಮಾರ್ಚ್‌ದಾಗ. ಖಣಿಗಿ, ಪಾಲಿಶ್ ಮಷೀನಿಗಿ, ಫ್ಯಾಕ್ಟರಿಗಿ ಹೋಗೋರು, ಹೊಲ ಇಲ್ದವರು, ಆ ಟೈಮಿಗಿ ರೈತನ ಕಣದಾಗೇ ನಿಂತು ಖರೀದಿ ಮಾಡ್ರಿ. ಶ್ರಾವಣದಾಗ ಕಿರಾಣಿ ಅಂಗಡಿಯಾಗ ಐದೈದು ಕಿಲೋ ತರೋದು ಅಂದ್ರ ಪ್ರತಿ ಸಲ ಯಾರದೋ ಬಾಡಿಗಿ, ಯಾರದೋ ಲಾಭ ಕಟ್ಟಿದಂಗ. ಗೃಹಲಕ್ಷ್ಮಿ ರೊಕ್ಕ ತಿಂಗಳಿಗಿ 2,000 ಬರ್ತದಲ್ಲ, ರಾಶಿ ಟೈಮಿನ ಎರಡು ಮೂರು ಕಂತು ಕೂಡಿಸಿ ಜೋಳಕ್ಕ ಹಾಕ್ರಿ. ಆ ರೊಕ್ಕದಾಗ ಮೊಬೈಲ್ ಕೊಂಡವರ ಮನಿ ಭಿ ನಾ ನೋಡೀನಿ. ಇರ್ಲಿ, ಅದು ಅವರ ಖುಷಿ.

ಮಾಲ್ದಂಡಿ ಸಿಕ್ರ ಮಾಲ್ದಂಡಿನೇ ತಗೋರಿ. ರೊಟ್ಟಿ ಮಿದು ಬರ್ತದ, ದನಕ್ಕ ಅದರ ಕಣಿಕಿ ಭಿ ಚಲೋ.

• ತೊಗರಿ ಪೂರಾ ಮಾರಬ್ಯಾಡ್ರಿ. ಕಲಬುರಗಿ ತೊಗರಿಗಿ 2019ರಾಗ ಭೌಗೋಳಿಕ ಗುರುತಿನ ಪಟ್ಟ ಸಿಕ್ಕದ. ಸುಣ್ಣಕಲ್ಲಿನ ನೆಲದಾಗ ಬೆಳೆದ ಈ ಬ್ಯಾಳಿ ರುಚಿಗಿ ದೇಶದಾಗ ಗಿರಾಕಿ ಅದಾರ. ಹಿಂಗಿದ್ರೂ ನಮ್ಮ ರೈತ ಜನವರಿಯಾಗ ಗಾಡಿ ತುಂಬಿ ಎಪಿಎಂಸಿಗಿ ಹಾಕಿ ಬರ್ತಾನ, ಜುಲೈದಾಗ ಪ್ಯಾಕೆಟ್ ಬ್ಯಾಳಿ ತರಲಿಕ್ಕ ಅದೇ ಪ್ಯಾಟಿಗಿ ಹೋಗ್ತಾನ. ಮಾರಿದ ರೇಟಿಗೂ ಕೊಂಡ ರೇಟಿಗೂ ನಡುವ ಇರೋ ಫರಕಿನಾಗ ಯಾರ್ಯಾರೋ ಮಾಳಗಿ ಕಟ್ಟಿಸ್ಯಾರ.

ದಿನಕ್ಕ ಪಾವು ಕಿಲೋ ಬ್ಯಾಳಿ ಬೇಯಿಸೋ ಮನಿಗಿ ವರ್ಷಕ್ಕ 90 ಕಿಲೋ ಬ್ಯಾಳಿ ಬೇಕು. ಮನ್ಯಾಗ ಒಡೆದ್ರ 100 ಕಿಲೋ ತೊಗರಿಗಿ 65ರಿಂದ 70 ಕಿಲೋ ಬ್ಯಾಳಿ ಬೀಳ್ತದ. ಅಂದ್ರ ಒಂದೂ ಕಾಲು ಕ್ವಿಂಟಾಲಿನ ಮ್ಯಾಲೆ ಒಂದಿಷ್ಟು ತೊಗರಿ ಮನಿಗಂತ ಬ್ಯಾರೆ ತೆಗೆದಿಟ್ಟು, ಉಳಿದದ್ದು ಮಾರ್ರಿ.

ಒಡೆಯೋ ರೀತಿ ಹೊಸ ಸೊಸಿಯಂದಿರಿಗಿ ಗೊತ್ತಿಲ್ಲ, ಹೇಳ್ತೀನಿ. ತೊಗರಿ ಮೂರು ನಾಕು ತಾಸು ನೆನಿಲಿಕ್ಕ ಬಿಡ್ರಿ. ನೀರು ಬಸಿದು, ಸೋಸಿದ ಕೆಮ್ಮಣ್ಣು ಕಲಸಿ ಅದಕ್ಕ ಹಚ್ಚಿ ರಾತ್ರಿ ಪೂರಾ ಕುಪ್ಪಿ ಹಾಕ್ರಿ. ಮುಂಜಾನಿಂದ ಬಿಸಿಲಿಗಿ ಹರವಿ, ಕಾಳು ಗಲಗಲ ಅನ್ನೋತನ ಒಣಗಿಸ್ರಿ. ಆಮ್ಯಾಲ ಮಣ್ಣು ಜರಡಿ ಹಿಡಿದು ಬೀಸುಕಲ್ಲಿಗಿ ಹಾಕಿದ್ರ ಸಿಪ್ಪಿ ತಾನೇ ಬಿಡ್ತದ. ಮರದಾಗ ಕೇರಿದ್ರ ಹೊಟ್ಟು ಎಮ್ಮಿಗಿ, ನುಚ್ಚು ಕೋಳಿಗಿ. ಇನ್ನೊಂದು ಮಾತು, ಇಡೀ ತೊಗರಿಗಿ ಹುಳ ಹತ್ತಿದಷ್ಟು ಲಗೂನ ಒಡೆದ ಬ್ಯಾಳಿಗಿ ಹತ್ತಂಗಿಲ್ಲ. ಹುಳ ತತ್ತಿ ಇಡೋದು ಇಡೀ ಕಾಳಿನ ಮ್ಯಾಲೆ. ಅದಕ್ಕ ಬ್ಯಾಸಗಿಯಾಗೇ ಒಡೆದು ಮುಗಸ್ರಿ, ಮಳಿಗಾಲಕ್ಕ ಕಾಯಬ್ಯಾಡ್ರಿ. ಒಡೆದ ಬ್ಯಾಳಿಗಿ ಕೈಗಿ ಒಂಚೂರು ಔಡಲ ಎಣ್ಣಿ ಹಚ್ಚಿಕೊಂಡು ತಿಕ್ಕಿದ್ರ ವರ್ಷ ಇರ್ತದ.

• ಕಾಳು ಇಡೋದು ಕಲೀರಿ. ಬೆಳೆಯೋದಕ್ಕಿಂತ ಇಡೋದು ಕಠಿಣ. ಎರಡು ಮೂರು ದಿನ ಖಡಕ್ ಬಿಸಿಲಿಗಿ ಹಾಕಿ, ಹಲ್ಲಾಗ ಕಡಿದ್ರ ಕಟ್ ಅನಬೇಕು. ಬಿಸಿ ಇದ್ದಾಗ ಡ್ರಮ್ಮಿಗಿ ತುಂಬಬ್ಯಾಡ್ರಿ, ಒಳಗ ಬೆವತು ಬೂಸಣಿ ಹಿಡಿತದ. ಸಂಜೀಕ ಆರಿದ ಮ್ಯಾಲೆ ತುಂಬ್ರಿ, ನಡುನಡುವ ನೆರಳಾಗ ಒಣಗಿದ ಬೇವಿನ ಎಲಿ ಹಾಕ್ರಿ, ಬಾಯಿ ಬಂದೋಬಸ್ತ್ ಮುಚ್ಚಿರಿ. ಗಾಳಿ ಆಡ್ಲಿಲ್ಲಂದ್ರ ಹುಳ ಬದುಕಂಗಿಲ್ಲ. ಚೀಲದಾಗ ಇಡೋರು ಪರಸಿ ಮ್ಯಾಲೆ ನೇರ ಇಡಬ್ಯಾಡ್ರಿ. ಮಳಿಗಾಲದಾಗ ನಮ್ಮ ಪರಸಿ ನೆಲ ತಂಪು ಹಿಡಿದು ಒದ್ದಿ ಆಗ್ತದ, ತಳದ ಚೀಲ ಮೊದಲು ಕೆಡ್ತದ. ಕೆಳಗ ಹಲಗಿ ಹಾಕ್ರಿ, ಗ್ವಾಡಿಗಿ ತಾಗದಂಗ ಒಂದು ಗೇಣು ಬಿಡ್ರಿ.

ಹಿಂದ ನೆಲದಾಗ ಕಾಳು ಮುಚ್ಚಿಡೋ ಹಗೇವು ಇದ್ದವು. ರಜಾಕಾರರ ಹಾವಳಿ ಕಾಲದಾಗ, 1948ರ ಸೆಪ್ಟೆಂಬರ್ 17ಕ್ಕ ನಮ್ಮ ಕಡಿ ನಿಜಾಮನಿಂದ ಬಿಡುಗಡಿ ಆಗೋ ಮುಂಚೆ, ಮನ್ಯಾಗಿನದೆಲ್ಲಾ ಹೋದ್ರೂ ನೆಲದಾಗ ಮುಚ್ಚಿದ ಜೋಳ ಉಳೀತು ಅಂತ ನಮ್ಮ ಹಿರ್ಯಾರು ಹೇಳ್ತಿದ್ರು. ಈಗ ಯಾರಾದ್ರೂ ಹಳೇ ಹಗೇವು ತೆಗೆಯೋದಿದ್ರ ಒಂದು ನೆನಪಿಡ್ರಿ: ಬಾಯಿ ತೆಗೆದ ಕೂಡ್ಲೇ ಒಳಗ ಇಳಿಬ್ಯಾಡ್ರಿ. ಒಳಗ ಕೆಟ್ಟ ಗಾಳಿ ಕೂತಿರ್ತದ, ಇಳಿದವ ಕೂಗೋದ್ರಾಗೇ ಸಾಯ್ತಾನ. ಅವನ್ನ ಮ್ಯಾಲೆ ತೆಗೆಯಲಿಕ್ಕ ಹೋದವನ ಗತಿನೂ ಅದೇ. ಬಾಯಿ ತೆಗೆದು ಒಂದಿನ ಬಿಡ್ರಿ, ಆಮ್ಯಾಲ ಭಿ ದೀಪ ಇಳಿಬಿಟ್ಟು ನೋಡ್ರಿ. ದೀಪ ಆರಿದ್ರ ದೂರ ಸರೀರಿ.

• ಮಲಗೋ ಖೋಲಿಯಾಗ ಸಲ್ಫಾಸ್ ಗುಳಗಿ ಹಾಕಿದ ಚೀಲ ಇಡಬ್ಯಾಡ್ರಿ. ಅದರ ಗಾಳಿ ಹುಳ ಕೊಂದಂಗ ಮಂದಿನೂ ಕೊಲ್ತದ. ಇದ್ರಾಗ ಹೆಚ್ಚಿನ ಮಾತಿಲ್ಲ.

• ಮಳಿ ನೀರು ಹಿಡೀರಿ. ನಮ್ಮ ಕಡಿ ವರ್ಷಕ್ಕ ಸುಮಾರು 750 ಮಿ.ಮೀ. ಮಳಿ. 30 ಅಡಿ ಉದ್ದ, 30 ಅಡಿ ಅಗಲದ ಮಾಳಗಿ ಮ್ಯಾಲೆ ಒಂದು ವರ್ಷಕ್ಕ 60 ಸಾವಿರ ಲೀಟರ್ ಮ್ಯಾಲೆ ಬೀಳ್ತದ. ಸೋರಿದ್ದು, ಆವಿ ಆದದ್ದು ಬಿಟ್ರ 50 ಸಾವಿರ ಲೀಟರ್ ಹಿಡಿಬಹುದು. ಒಂದು ಜೋರ ಮಳಿ, 25 ಮಿ.ಮೀ. ಆತಂದ್ರ, ಒಂದೂವರಿ ಸಾವಿರ ಲೀಟರಿಗಿಂತ ಹೆಚ್ಚು. ಬೋರ್ ಹೊಡಸಲಿಕ್ಕ ಸಾಲ ಮಾಡೋ ಮಂದಿ ಒಂದು ಪೈಪ್, ಒಂದು ಹೌದಕ್ಕ ಖರ್ಚು ಮಾಡಲಿಕ್ಕ ಹಿಂದ ಮುಂದ ನೋಡ್ತಾರ. ನಮ್ಮ ಕಲ್ಲಿನ ನೆಲದಾಗ ಬೋರಿಗಿ ನೀರು ಬಿದ್ರ ಲಾಟ್ರಿ, ಬೀಳದಿದ್ರೂ ಕಂತು ಕಟ್ಟೋದು ತಪ್ಪಂಗಿಲ್ಲ. ಸಾಲದ ಮ್ಯಾಲೆ ಬೋರ್ ಬ್ಯಾಡ್ರಿ, ಇದು ನನ್ನ ಖಡಾಖಂಡಿತ ಮಾತು.

ವಾಡಿ, ಸೇಡಂ, ಮಳಖೇಡದಂಥ ಸಿಮೆಂಟ್ ಫ್ಯಾಕ್ಟರಿ ಬದಿಗಿ ಇರೋರು ಇನ್ನೊಂದು ಕೆಲಸ ಮಾಡಬೇಕು. ಬ್ಯಾಸಗಿ ಪೂರಾ ಮಾಳಗಿ ಮ್ಯಾಲೆ ಧೂಳು ಕೂತಿರ್ತದ. ರೋಹಿಣಿ, ಮೃಗಶಿರಾದ ಮೊದಲಿನ ಎರಡು ಮೂರು ಮಳಿ ಹೊರಗ ಹರಿಯಲಿಕ್ಕ ಬಿಡ್ರಿ, ಮಾಳಗಿ ತೊಳೆದು ಆಮ್ಯಾಲ ಪೈಪ್ ಹೌದಕ್ಕ ತಿರುಗಿಸ್ರಿ. ಹೌದದ ಬಾಯಿ ಮುಚ್ಚಿರಬೇಕು, ಇಲ್ಲಂದ್ರ ಸೊಳ್ಳಿ ಸಾಕಿದಂಗ. ಕುಡಿಯೋದಿದ್ರ ಕಾಸಿ ಆರಿಸ್ರಿ.

ನಮ್ಮ ಬೋರಿನ ನೀರು ಗಡಸು, ಬ್ಯಾಳಿ ಕುದಿಯಂಗಿಲ್ಲ, ಸಿಲಿಂಡರ್ ಲಗೂನ ಮುಗೀತದ. ಮಳಿ ನೀರಾಗ ಅದೇ ಬ್ಯಾಳಿ ಬೆಣ್ಣಿ ಆಗ್ತದ. ಒಂದು ಕೊಡ ಮಳಿ ನೀರು ಬ್ಯಾಳಿಗಂತಾನೇ ಇಡೋ ಮನಿ ಹೆಣ್ಮಕ್ಕಳಿಗಿ ಈ ಗುಟ್ಟು ಗೊತ್ತದ.

• ಹಾಳು ಬಿದ್ದ ಪರಸಿ ಖಣಿಗೋಳು ಶಹಾಬಾದ್, ಚಿತ್ತಾಪುರ ಕಡಿ ನೀರು ತುಂಬಿ ನಿಂತಾವ. ಆ ನೀರು ಬಟ್ಟಿಗಿ, ಗಿಡಕ್ಕ ಆಗ್ಲಿ, ಕುಡಿಲಿಕ್ಕ ಬ್ಯಾಡ. ಹುಡುಗರ್ನ ಈಜಾಡಲಿಕ್ಕ ಕಳಸಬ್ಯಾಡ್ರಿ. ಅಂಚು ನೆಟ್ಟಗ ಕಡಿದಿರ್ತಾರ, ಕಾಲಿಡಲಿಕ್ಕ ಮೆಟ್ಟಿಲಿರಂಗಿಲ್ಲ.

• ಹಿತ್ತಲ ಖಾಲಿ ಬಿಡಬ್ಯಾಡ್ರಿ. ನೆಲದಾಗ ಗೇಣು ಮಣ್ಣು, ಕೆಳಗ ಬರೀ ಕಲ್ಲು ಅಂತ ಶಹಾಬಾದಿನವರು ಅಂತಾರ. ಖರೇ ಅದ. ಆದ್ರ ನಮ್ಮ ಕಡಿ ಖಾಲಿ ಸಿಮೆಂಟ್ ಚೀಲಕ್ಕ ಬರಗಾಲ ಇಲ್ಲ. ಚಲೋ ತೊಳೆದು, ಒಳಗ ತಿಪ್ಪಿ ಗೊಬ್ಬರ, ಮಣ್ಣು ಅರ್ಧ ಅರ್ಧ ಹಾಕಿ, ತಳಕ್ಕ ಎರಡು ತೂತು ಹೊಡಿರಿ. ಪುಂಡಿ, ಮೆಂತ್ಯ, ರಾಜಗಿರಿ, ಬದನಿ, ಮೆಣಸಿನಗಿಡ ಬರ್ತಾವ. ಪಾತ್ರಿ ತೊಳೆದ ನೀರೇ ಸಾಕು. ಗ್ವಾಡಿ ಬದಿಗಿ ಹೀರಿ ಬಳ್ಳಿ. ಬಿಸಿಲಿಗಿ ಜಗ್ಗದ್ದು ಚವಳಿ. ಒಂದು ನುಗ್ಗಿ, ಒಂದು ಕರಿಬೇವು, ಒಂದು ಲಿಂಬಿ ಇದ್ದ ಮನಿಗಿ ಪ್ಯಾಟಿ ಬಂದ್ ಆದ್ರೂ ಸಾರಿನ ಚಿಂತಿ ಇಲ್ಲ. ಆದ್ರ ಸಿಮೆಂಟ್ ಚೀಲದಾಗ ತಿನ್ನೋ ಕಾಳು ತುಂಬಬ್ಯಾಡ್ರಿ.

ಹಾಕದೇ ಬರೋ ಪಲ್ಯ ಭಿ ಅದ. ಮಳಿಗಾಲದಾಗ ಗೋಳಿ ಪಲ್ಯ, ಕಿರಕಸಾಲಿ, ಚಳಿಗಾಲದಾಗ ಹೊಲದ ಹಕ್ಕರಕಿ. ನಿಮ್ಮ ಆಯಿ ಕೂಡ ಒಂದಿನ ಬದು ಸುತ್ತಿ ಬರ್ರಿ, ಹೆಸರು ಮುಖ ಎರಡೂ ಕಲೀರಿ. ಕಳೆಗಂತ ಔಷಧ ಹೊಡೆದ ಹೊಲದಾಗಿನದು ಮಾತ್ರ ಮುಟ್ಟಬ್ಯಾಡ್ರಿ.

• ಒಲಿ ಹಚ್ಚದೇ ಉಣ್ಣೋ ಹಂಗ ಎರಡು ದಿನದ ಊಟ ಯಾವಾಗ್ಲೂ ಮನ್ಯಾಗ ಇರ್ಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ, ಒಂದು ಗಡ್ಡಿ ಉಳ್ಳಾಗಡ್ಡಿ. ಎಳ್ಳಮಾಸಿಗಿ ಬುತ್ತಿ ಕಟ್ಟಲಿಕ್ಕ ಬರೋ ಮಂದಿಗಿ ಇದನ್ನ ಹೇಳಿಕೊಡೋದು ಬೇಕಿಲ್ಲ. ಬ್ಯಾಸಗಿಯಾಗ ಚವಳಿಕಾಯಿ, ಪುಂಡಿ ಒಣಗಿಸಿ ಇಡ್ರಿ, ಬಾಳಕ ಮೆಣಸಿನಕಾಯಿ ಮಾಡ್ರಿ. 44 ಡಿಗ್ರಿ ಬಿಸಿಲು ದೇವರು ಪುಕ್ಕಟ್ಟೆ ಕೊಟ್ಟಾನ, ಬೈಕೋತ ಕೂಡೋದಕ್ಕಿಂತ ಹಪ್ಪಳ ಒಣಗಿಸೋದು ಶಾಣ್ಯಾತನ.

• ಹೊಲ ಇದ್ದವರಿಗಿ: ನೆಟೆ ರೋಗ ಮಣ್ಣಾಗಿನ ಬೂಸಣದಿಂದ ಬರ್ತದ, ಒಮ್ಮೆ ಹೊಕ್ರ ವರ್ಷಗಟ್ಲೆ ಮಣ್ಣಾಗೇ ಇರ್ತದ. ಹೋದ ವರ್ಷ ಒಣಗಿದ ಹೊಲದಾಗ ಈ ವರ್ಷ ಮತ್ತ ತೊಗರಿ ಹಾಕಿ ದೇವರಿಗಿ ಕಾಯಿ ಒಡೆದ್ರ ಏನಾಗ್ತದ? ಎರಡು ಮೂರು ವರ್ಷ ಜೋಳಕ್ಕ, ಸಜ್ಜಿಗಿ ಬಿಡ್ರಿ. ಜಿಆರ್‌ಜಿ-811 ಅಂಥ ನೆಟೆ ತಡಿಯೋ ತಳಿ ಬೀಜ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಾಗ ಕೇಳ್ರಿ, ಬಿತ್ತೋ ಮುಂಚೆ ಬೀಜಕ್ಕ ಟ್ರೈಕೋಡರ್ಮಾ ಹಚ್ಚಿರಿ. ತೊಗರಿ ಸಾಲಿನ ನಡುವ ಹೆಸರು ಇಲ್ಲಾ ಉದ್ದು ಹಾಕಿದ್ರ ತೊಗರಿ ಬರೋ ಮುಂಚೆನೇ ಮನಿಗಿ ಕಾಳು ಬರ್ತದ. ಬದುವಿಗಿ ಪುಂಡಿ ಹಾಕಿದ್ರ ಪಲ್ಯನೂ ಆತು, ನಾರಿನ ಹಗ್ಗನೂ ಆತು. ಎಣ್ಣಿ ಕಾಳಿಗಿ ನಾಕು ಸಾಲು ಕುಸುಬಿ, ಅಗಸಿ. ನಮ್ಮಪ್ಪನ ಕಾಲದ ಅಕ್ಕಡಿ ಸಾಲು ಹಂಗೇ ಇತ್ತು. ಟ್ರ್ಯಾಕ್ಟರ್ ಬಂದು ಎಲ್ಲಾ ಒಂದೇ ಬೆಳಿ ಆತು.

• ತೊಗರಿ ಕಟಗಿ ಹೊಲದಾಗ ಸುಡಬ್ಯಾಡ್ರಿ. ಒಂದು ಬಣವಿ ಒಟ್ಟಿದ್ರ ಸಿಲಿಂಡರ್ ಬರದಿದ್ದಾಗ ಒಲಿ ಉರಿತದ. ಬಣವಿ, ಕುಳ್ಳಿನ ರಾಶಿ ಮನಿಯಿಂದ ದೂರ ಇರ್ಲಿ, ಹಾವು ಸೇರ್ತಾವ. ಹಾವು ಕಡಿದ್ರ ಮಂತ್ರದವನ ಮನಿಗಿ ಹೋಗಬ್ಯಾಡ್ರಿ, ತಾಲ್ಲೂಕ ದವಾಖಾನಿಗಿ ಹೋಗ್ರಿ.

• ಕೋಳಿ, ಆಡು, ಎಮ್ಮಿ. ಹೊಸದಾಗಿ ಶುರು ಮಾಡೋರು ಎಮ್ಮಿಯಿಂದ ಶುರು ಮಾಡಬ್ಯಾಡ್ರಿ. ಕಣಿಕಿ ಇಲ್ಲದ ಮನಿಗಿ ಎಮ್ಮಿ ಬಂದ್ರ ಹಾಲಿನ ರೊಕ್ಕ ಎಲ್ಲಾ ಮೇವಿಗೇ ಹೋಗ್ತದ. ನಾಕು ಜವಾರಿ ಕೋಳಿ, ಎರಡು ಆಡು ಸಾಕು. ಕೋಳಿಗಿ ರಾಣಿಖೇತ್ ಲಸಿ ಹಾಕಸ್ರಿ, ಇಲ್ದಿದ್ರ ಒಂದು ವಾರದಾಗ ಗೂಡು ಖಾಲಿ. ಆಡು ಅಂದ್ರ ಕಿಸೆದಾಗಿನ ರೊಕ್ಕ, ಬೇಕಾದಾಗ ಮಾರಿ ದವಾಖಾನಿ ಖರ್ಚು ನೀಗ್ತದ.

• ಪಗಾರ ನಂಬಿ ಹೊಲ ಮಾರಬ್ಯಾಡ್ರಿ. ಶಹಾಬಾದ್ ನೋಡ್ರಿ. 1936ರಾಗ ಹತ್ತು ಸಿಮೆಂಟ್ ಕಂಪನಿ ಕೂಡಿ ಎಸಿಸಿ ಆದಾಗ ಅದ್ರಾಗ ಶಹಾಬಾದ್ ಸಿಮೆಂಟ್ ಕಂಪನಿನೂ ಇತ್ತು. ಊರಿಗಿ ಊರೇ ಫ್ಯಾಕ್ಟರಿ ಭೋಂಗಾಕ್ಕ ಏಳ್ತಿತ್ತು, ಭೋಂಗಾಕ್ಕ ಮಲಗ್ತಿತ್ತು. ಫ್ಯಾಕ್ಟರಿ ಬಂದ್ ಆದ ಮ್ಯಾಲೆ ಕ್ವಾರ್ಟರ್ಸ್ ಖಾಲಿ ಬಿದ್ದವು, ಹುಡುಗರು ಪುಣೆ, ಹೈದರಾಬಾದ್ ಹಿಡಿದ್ರು. ಇವತ್ತು ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಕಡಿ ಫ್ಯಾಕ್ಟರಿ ಜೋರ ನಡೆದಾವ, ನಡೀಲಿ. ಆದ್ರ ಗುತ್ತಿಗಿ ಕೆಲಸದ ಪಗಾರ ಅಂದ್ರ ಈ ತಿಂಗಳದ್ದು ಮಾತ್ರ ನಿಮ್ದು. ಓವರ್‌ಟೈಮ್ ರೊಕ್ಕ ಊಟಕ್ಕ ಮುಟ್ಟಬ್ಯಾಡ್ರಿ, ಅದು ಮೂರು ತಿಂಗಳ ಖರ್ಚಿನಷ್ಟು ಕೂಡೋತನ ಬ್ಯಾಂಕಿನಾಗ ಇರ್ಲಿ. ಪಗಾರ ಬಿಟ್ಟು ಇನ್ನೊಂದು ಕೈಕೆಲಸ ಕಲೀರಿ. ಮೋಟರ್ ಕಟ್ಟೋದು, ಹೊಲಿಗಿ, ಗೌಂಡಿ ಕೆಲಸ, ಯಾವುದಾದ್ರೂ.

ಚಿಂಚೋಳಿ ತಾಂಡಾದಿಂದ ದುಡಿಲಿಕ್ಕ ಮುಂಬಯಿ, ಪುಣೆಗಿ ಹೋಗೋ ಮಂದಿಗೂ ಇದೇ ಮಾತು. 2020ರಾಗ ಕೊರೊನಾ ಬಂದು ಎಲ್ಲಾರೂ ಒಮ್ಮೆಲೇ ತಿರುಗಿ ಬಂದ್ರು. ಊರಾಗಿನ ಮನಿಗಿ ಬೀಗ ಹಾಕಿ ಹೋಗ್ರಿ, ಆದ್ರ ಕಣಜ ಖಾಲಿ ಮಾಡಿ ಹೋಗಬ್ಯಾಡ್ರಿ. ರೇಷನ್ ಕಾರ್ಡಿನ ಹೆಸರು ಸರಿ ಅದನೋ ಇಲ್ಲೋ ಊರಿಗಿ ಬಂದಾಗೊಮ್ಮೆ ನೋಡಿಸ್ರಿ.

• ಕಾಗಿಣಾ ಬಂದ್ರ ರಸ್ತಾ ಬಂದ್. ಮಳಖೇಡದ ಸೇತುವೆ ಮ್ಯಾಲೆ ನೀರು ಹತ್ತಿದ್ರ ಸೇಡಂನವರಿಗಿ ಕಲಬುರಗಿ ದೂರ ಆಗ್ತದ. ಬಿಪಿ, ಶುಗರ್ ಗುಳಗಿ ಮಳಿಗಾಲದಾಗ ಹದಿನೈದು ದಿನದ್ದು ಮುಂಚೆನೇ ತರ್ರಿ. ದಿನ ತುಂಬಿದ ಬಸುರಿ ಹೆಣ್ಮಗಳು ಇದ್ರ ನೀರು ಏರೋ ಮುಂಚೆ ದವಾಖಾನಿ ಇರೋ ಊರಿಗಿ ಮುಟ್ಟಸ್ರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಾಗ ಎತ್ತರಕ್ಕ ಇಡ್ರಿ. ನೀರು ಇಳಿದ ಮ್ಯಾಲೆ ವಾಂತಿ ಭೇದಿ ಶುರು ಆಗ್ತದ. ಆಶಾ ಅಕ್ಕನ ಹತ್ರ ಕ್ಲೋರಿನ್ ಗುಳಗಿ, ಓಆರ್‌ಎಸ್ ಪುಡಿ ಕೇಳ್ರಿ. ಪುಡಿ ಇಲ್ಲಂದ್ರ ಒಂದು ಲೀಟರ್ ಕಾಸಿ ಆರಿಸಿದ ನೀರಿಗಿ ಮಟ್ಟಸ ಆರು ಚಹಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚು ಮಾಡಬ್ಯಾಡ್ರಿ, ಕೂಸಿಗಿ ಕೆಡಕು.

• ನೆಲ ನಡುಗಿದ ಕಡಿ ಇರೋರು ಅಟ್ಟದ ಮ್ಯಾಲೆ ಜೋಳದ ಚೀಲ ಒಟ್ಟಿ ಕೆಳಗ ಮಲಗಬ್ಯಾಡ್ರಿ. 1993ರ ಸೆಪ್ಟೆಂಬರ್ 30ಕ್ಕ ಮಹಾರಾಷ್ಟ್ರದ ಕಿಲ್ಲಾರಿ ಕಡಿ ಆದ ಭೂಕಂಪದಾಗ ಹತ್ರತ್ರ ಹತ್ತು ಸಾವಿರ ಮಂದಿ ಸತ್ರು. ಕೊಂದದ್ದು ಮಣ್ಣಾಗ ಕಟ್ಟಿದ ಕಲ್ಲಿನ ಗ್ವಾಡಿ, ಮಾಳಗಿ ಮ್ಯಾಲಿನ ಭಾರ. ನಮ್ಮ ಹಳೇ ಮನಿಗೋಳೂ ಅದೇ ಥರದವು. ಸೋರ್ತದಂತ ವರ್ಷಾ ವರ್ಷಾ ಮಾಳಗಿಗಿ ಮಣ್ಣು ಏರಿಸೋದು ನಿಲ್ಲಸ್ರಿ, ಹಳೇದು ಕೆರೆದು ತೆಗೆದು ತೆಳುವ ಮಾಡ್ರಿ. ಗ್ವಾಡಿ ಹೊಟ್ಟಿ ಬಂದಿದ್ರ ಗೌಂಡಿಗಿ ತೋರಸ್ರಿ. ಬಾಗಿಲ ಬದಿಗಿ ಬ್ಯಾಟರಿ, ಚಪ್ಪಲಿ, ಒಂದು ಬಾಟ್ಲಿ ನೀರು ಇರ್ಲಿ.

• ಗಂಡು ಹುಡುಗರಿಗಿ ರೊಟ್ಟಿ ಬಡಿಯೋದು ಕಲಸ್ರಿ. ಅವ್ವ ಜ್ವರ ಬಂದು ಮಲಗಿದ ದಿನ ಜೋಳ ತುಂಬಿದ ಮನಿ ಉಪಾಸ ಇರಬಾರ್ದು. ಹೆಣ್ಮಕ್ಕಳಿಗಿ ಬ್ಯಾಂಕಿನ ಚೀಟಿ ತುಂಬೋದು, ಮೋಟರ್ ಚಾಲೂ ಮಾಡೋದು ಕಲಸ್ರಿ. ಇದಕ್ಕ ಎದುರು ಆಡೋ ನನ್ನ ವಾರಿಗಿ ಮುದುಕರು ಅದಾರ. ಅವರ ಮಾತು ಬಿಡ್ರಿ.

• ಒಬ್ಬರೇ ಎಲ್ಲಾ ಮಾಡ್ತೀನಂತ ಹೋಗಬ್ಯಾಡ್ರಿ. ಬೀಸುಕಲ್ಲು ಓಣಿಗಿ ಒಂದು ಇದ್ರ ಸಾಕು. ಒಬ್ಬರ ಮನ್ಯಾಗ ಲಿಂಬಿ, ಒಬ್ಬರ ಮನ್ಯಾಗ ನುಗ್ಗಿ, ಒಬ್ಬರ ಹತ್ರ ಜವಾರಿ ಬೀಜ. ಬೀಜ ಮುಚ್ಚಿಟ್ರ ಹುಳ ತಿಂತದ, ನಾಕು ಮನಿಗಿ ಕೊಟ್ರ ನಿಮ್ದು ಕೆಟ್ಟ ವರ್ಷ ಅವರ ಹತ್ರ ಸಿಗ್ತದ. ರಾಶಿಗಿ, ಮಾಳಗಿ ತೊಳಿಲಿಕ್ಕ, ಹೌದ ಕಟ್ಟಲಿಕ್ಕ ಮುಯ್ಯಾಳು ಹಿಡೀರಿ. ಸ್ತ್ರೀಶಕ್ತಿ ಸಂಘದ ಹೆಣ್ಮಕ್ಕಳು ಸಾಲ ಹಂಚೋದ್ರ ಜತಿ ರಾಶಿ ಟೈಮಿಗಿ ಕೂಡಿ ಜೋಳ ಖರೀದಿ ಮಾಡಿದ್ರ ರೇಟೂ ಇಳಿತದ, ಗಾಡಿ ಬಾಡಿಗಿನೂ ಹಂಚಿ ಹೋಗ್ತದ. ಆದ್ರ ಹೆದರಿಕಿಗಿ ಎರಡು ವರ್ಷದ್ದು ತುಂಬಿ ಇಡೋದು, ಬಾಜೂ ಮನಿಯವರು ಕೇಳಿದ್ರ ಇಲ್ಲ ಅನ್ನೋದು, ಅದು ಸ್ವಾವಲಂಬನ ಅಲ್ಲ, ಕಾಳಸಂತಿ. ಊರು ಹಸಿದಾಗ ತುಂಬಿದ ಮನಿಗಿ ರಾತ್ರಿ ನಿದ್ದಿ ಇರಂಗಿಲ್ಲ.

• ಪ್ಯಾಟಿಗಿ ಹೋಗೋದು ಪೂರಾ ಬಿಡಲಿಕ್ಕ ಆಗಂಗಿಲ್ಲ, ಬಿಡೋದೂ ಬೇಕಿಲ್ಲ. ಉಪ್ಪು, ಬೆಲ್ಲ, ಚಹಾಪುಡಿ, ಔಷಧ ಕೊಳ್ಳಲೇಬೇಕು. ಅನ್ನ, ನೀರು, ಒಲಿ ಇವು ಮೂರೂ ಒಂದು ತಿಂಗಳು ಯಾರ ಕೈ ನೋಡದಂಗ ನಡೀಬೇಕು, ನನ್ನ ಲೆಕ್ಕದಾಗ ಅಷ್ಟಾದ್ರ ಮನಿ ಗಟ್ಟಿ. ಅದಕ್ಕ ಇವತ್ತು ಸಂಜೀಕ ಡ್ರಮ್ಮಿನ ಮುಚ್ಚಳ ತೆಗೆದು ಜೋಳ ಎಷ್ಟು ದಿನಕ್ಕ ಅದ ನೋಡ್ರಿ, ಮಾಳಗಿ ನೀರು ಯಾವ ಕಡಿ ಹರಿದು ಹೋಗ್ತದ ನೋಡ್ರಿ. ತೊಗರಿ ಗಾಡಿ ಎಪಿಎಂಸಿಗಿ ಹೊರಡೋ ಮುಂಚೆ ಎರಡು ಚೀಲ ಇಳಿಸಿಕೊಳ್ರಿ.